ಒಂದು ಹನಿ ಹಳದಿ

ಕಂಪ್ಯೂಟರಿನ ಆಟದ ನಲವತ್ತೊಂದನೆಯ ಹಂತವನ್ನು ಗಂಡ ಒಂದೇ ಏಟಿಗೆ ದಾಟಿಬಿಟ್ಟಾಗ ಹಲ್ಲಕ್ಕ ಅಡುಗೆಮನೆಯಲ್ಲಿ ನಿಂತು ಬೀನ್ಸ್ ಮುರಿಯುತ್ತಿದ್ದಳು. ಹಂತ ದಾಟಿದವರಿಗೆ ಕಂಪ್ಯೂಟರು ಮೂರು ಸಲ ಗಂಟೆ ಬಾರಿಸುತ್ತದೆ. ಇಪ್ಪತ್ತೆರಡು ದಿನ ಆ ಗಂಟೆಗಾಗಿ ಕಾದು ಕಾದು ಸೋತಿದ್ದವಳಿಗೆ ಅದು ಕೇಳಿಸಿದ್ದೇ ತಡ, ಕೈಯಲ್ಲಿದ್ದ ಬೀನ್ಸ್ ಕೈಯಲ್ಲೇ ಉಳಿಯಿತು.

ನಡುಮನೆಯ ಬಾಗಿಲಿಗೆ ಬಂದು ನೋಡಿದರೆ ಗಂಡ ಕುರ್ಚಿಯ ಮೇಲೆ ಕಾಲು ಮಡಿಚಿ ಕೂತು ಬಿಸ್ಕತ್ತು ತಿನ್ನುತ್ತಿದ್ದ. ಪರದೆಯ ಮೇಲೆ ತೊಂಬತ್ತೆಂಟು ಎಂಬ ಅಂಕಿ ಕುಣಿಯುತ್ತಿತ್ತು.

"ನಿನ್ನ ಆಟ ಹಾಗೇ ತೆರೆದಿತ್ತು," ಎಂದ. "ಸುಮ್ನೆ ಏನೋ ನಾಲ್ಕು ಹನಿ ಒತ್ತಿದೆ. ಆಗೋಯ್ತು."

ಸುಮ್ಮನೆ ಏನೋ ಒತ್ತಿದನಂತೆ. ಹಲ್ಲಕ್ಕನಿಗೆ ಮೈಯೆಲ್ಲ ಉರಿದುಹೋಯಿತು. ದಾಟಿದವನು ಬೇರೆ ಯಾರಾದರೂ ಆಗಿದ್ದರೆ ಹೇಗೋ ಸಹಿಸಿಕೊಳ್ಳುತ್ತಿದ್ದಳು. ಆದರೆ ಮೂವತ್ತೊಂದು ವರ್ಷ ಸಿಟಿ ಬಸ್ಸು ಓಡಿಸಿ ನಿವೃತ್ತನಾದ ಈ ಮನುಷ್ಯನಿಗೆ ಲೋಕದಲ್ಲಿ ಇದ್ದದ್ದೇ ಮೂರು ಬಣ್ಣ, ಸಿಗ್ನಲ್ಲಿನ ಮೂರು. ಮಿಕ್ಕಿದ್ದೆಲ್ಲ ಅವನ ಪಾಲಿಗೆ "ಆ ಥರದ್ದು". ಮದುವೆಯ ದಿನ ಒಂದು ಕಾಲಿಗೆ ಕಪ್ಪು, ಇನ್ನೊಂದಕ್ಕೆ ನೀಲಿ ಕಾಲುಚೀಲ ಹಾಕಿಕೊಂಡು ಬಂದಿದ್ದವನು. ಮನೆಯ ಸೋಫಾ ಯಾವ ಬಣ್ಣ ಎಂದು ಕೇಳಿದರೆ ಇವತ್ತಿಗೂ ತಿರುಗಿ ನೋಡಿಯೇ ಹೇಳಬೇಕು.

ಆಟವೇನೋ ಸಲೀಸು. ಮೇಲ್ಗಡೆ ಒಂದು ಚೌಕದಲ್ಲಿ ಒಂದು ಬಣ್ಣ ತೋರಿಸುತ್ತಾರೆ. ಕೆಳಗೆ ಐದು ಬಾಟಲಿ: ಕೆಂಪು, ಹಳದಿ, ನೀಲಿ, ಬಿಳಿ, ಕಪ್ಪು. ಬಾಟಲಿಯನ್ನು ಒತ್ತಿದರೆ ಬಟ್ಟಲಿಗೆ ಒಂದು ಹನಿ ಬೀಳುತ್ತದೆ, ಬಟ್ಟಲಿನ ಬಣ್ಣ ಬದಲಾಗುತ್ತದೆ. ಹನ್ನೆರಡು ಹನಿಯೊಳಗೆ ಅದನ್ನು ಮೇಲಿನ ಬಣ್ಣಕ್ಕೆ ಹೊಂದಿಸಬೇಕು. ನೂರಕ್ಕೆ ತೊಂಬತ್ತೇಳು ಹೊಂದಿದರೆ ಗಂಟೆ, ಇಲ್ಲದಿದ್ದರೆ ಬಟ್ಟಲು ತಲೆಕೆಳಗಾಗಿ ಎಲ್ಲ ಚೆಲ್ಲಿಹೋಗುತ್ತದೆ. ಮಗಳು ಹೊಸ ಕಂಪ್ಯೂಟರು ಕೊಂಡು ಹಳೆಯದನ್ನು ಇವರಿಗೆ ದಾಟಿಸಿದಾಗ ಆಟವೂ ಅದರೊಳಗೇ ಬಂದಿತ್ತು. ಗಂಡ ಆರನೆಯ ಹಂತಕ್ಕೇ ಆಕಳಿಸಿ ಎದ್ದುಹೋಗಿದ್ದ. ಹಲ್ಲಕ್ಕ ಒಂದು ಸಂಜೆ ಹೊತ್ತುಹೋಗದೆ ಕೂತವಳು ಹದಿನೈದು ದಿನದಲ್ಲಿ ನಲವತ್ತು ಹಂತ ಏರಿದಳು. ಇಟ್ಟಿಗೆಗೆಂಪು, ಪಾಚಿಹಸಿರು, ಬದನೆಕಾಯಿಯ ನೇರಳೆ, ಯಾವುದೂ ಅವಳ ಮುಂದೆ ಬಾಲ ಬಿಚ್ಚಲಿಲ್ಲ. ಆಮೇಲೆ ಬಂತು ನಲವತ್ತೊಂದು. ಬೆಣ್ಣೆಗೂ ಬಿಳಿಗೂ ನಡುವಿನ ಒಂದು ಮೆಲುಬಣ್ಣ. ಸರಿಯಾಗಿ ಹೇಳಬೇಕೆಂದರೆ, ಹಲ್ಲಿನ ಬಣ್ಣ. ಹಲ್ಲಕ್ಕ ಸಿಕ್ಕಿಬಿದ್ದದ್ದು ಬೇರೆಲ್ಲೂ ಅಲ್ಲ, ಅಲ್ಲಿ. ತೊಂಬತ್ತೊಂದು, ತೊಂಬತ್ತೆರಡು, ಮತ್ತೆ ತೊಂಬತ್ತೊಂದು.

ಹಲ್ಲಕ್ಕ ಎಂಬುದು ಲ್ಯಾಬಿನವರು ಇಟ್ಟ ಹೆಸರು. ಇಪ್ಪತ್ತೊಂಬತ್ತು ವರ್ಷದಿಂದ ಅವಳು ಅಲ್ಲಿ ಪಿಂಗಾಣಿಯ ಹಲ್ಲು ಮಾಡುತ್ತಾಳೆ. ದಂತವೈದ್ಯರು ರೋಗಿಯ ಬಾಯಿಯ ಅಳತೆ ತೆಗೆದು ಕಳಿಸುತ್ತಾರೆ. ಇಲ್ಲಿ ಪ್ಲಾಸ್ಟರಿನ ಅಚ್ಚು ಹಾಕಿ, ಅದರ ಮೇಲೆ ಲೋಹದ ಪುಟ್ಟ ಟೋಪಿ ಕೂರಿಸಿ, ಟೋಪಿಗೆ ಪಿಂಗಾಣಿಯ ಹಿಟ್ಟನ್ನು ಕಲಸಿ ಬ್ರಷ್ಷಿನಿಂದ ಪದರ ಪದರವಾಗಿ ಹಚ್ಚಿ, ರೇಡಿಯೊ ಪೆಟ್ಟಿಗೆಯಷ್ಟು ದೊಡ್ಡ ಫರ್ನೇಸಿನಲ್ಲಿ ಸುಡುತ್ತಾರೆ. ದವಡೆಹಲ್ಲಾದರೆ ಯಾರು ಬೇಕಾದರೂ ಮಾಡಿಯಾರು, ಅದನ್ನು ಬಗ್ಗಿ ನೋಡುವವರಾದರೂ ಯಾರು? ಮುಂದಿನ ಹಲ್ಲು ಹಾಗಲ್ಲ. ಪಕ್ಕದಲ್ಲೇ ನಿಜವಾದ ಹಲ್ಲು ನಿಂತು ಸಾಕ್ಷಿ ಹೇಳುತ್ತಿರುತ್ತದೆ. ಒಂದೇ ಒಂದು ಮುಂದಿನ ಹಲ್ಲನ್ನು ನೆರೆಯ ಹಲ್ಲಿಗೆ ಹೊಂದಿಸುವುದಕ್ಕಿಂತ ಕಷ್ಟದ ಕೆಲಸ ಆ ಕಸುಬಿನಲ್ಲಿ ಇಲ್ಲ. ಅದನ್ನು ಮಾಡುವವರಿಗೆಂದೇ ಲ್ಯಾಬಿನಲ್ಲಿ ಉತ್ತರದ ಕಿಟಕಿಯ ಪಕ್ಕ ಒಂದು ಮೇಜಿದೆ. ಬಿಸಿಲು ನೇರ ಬೀಳದ, ದಿನವಿಡೀ ಒಂದೇ ಸಮನಾದ ಬೆಳಕು. ಹತ್ತೊಂಬತ್ತು ವರ್ಷದಿಂದ ಆ ಮೇಜು ಹಲ್ಲಕ್ಕನದು.

ಈಗ ಅದೇ ಕೈತಪ್ಪುವುದರಲ್ಲಿತ್ತು. ಲ್ಯಾಬಿನ ಕಪಾಟಿನ ಮೇಲೊಂದು ಹಳೆಯ ಬಿಸ್ಕತ್ತಿನ ಡಬ್ಬಿ. ವೈದ್ಯರು ಬೇಡವೆಂದು ಹಿಂದಕ್ಕೆ ಕಳಿಸಿದ ಹಲ್ಲುಗಳು ಅದರೊಳಗೆ ಬೀಳುತ್ತವೆ. ಹತ್ತೊಂಬತ್ತು ವರ್ಷದಲ್ಲಿ ಹಲ್ಲಕ್ಕನವು ಅದರಲ್ಲಿ ಬಿದ್ದದ್ದು ಬೆರಳೆಣಿಕೆಯಷ್ಟು. ಕಳೆದ ನಾಲ್ಕು ತಿಂಗಳಲ್ಲಿ ಏಳು. ಏಳರ ಚೀಟಿಯಲ್ಲೂ ಒಂದೇ ದೂರು, ಹಳದಿ ಹೆಚ್ಚಾಗಿದೆ. ಡಾಕ್ಟರುಗಳ ಕೋಣೆಯ ದೀಪವೇ ಸರಿಯಿಲ್ಲ ಎಂದಳು ಹಲ್ಲಕ್ಕ. ಜನಕ್ಕೆ ಈಗ ಸಿನಿಮಾದವರ ಹಲ್ಲು ಬೇಕು, ಅದಕ್ಕೆ ತಾನೇನು ಮಾಡಲಿ ಎಂದಳು. ಲ್ಯಾಬಿನ ಕೆಳಗಿನ ಮಹಡಿಯ ಹಲ್ಲಿನ ಡಾಕ್ಟರಮ್ಮನಿಗೆ ಫೋನು ಮಾಡಿ ನೀವು ಕನ್ನಡಕ ಬದಲಾಯಿಸಿ ಎಂದೂ ಹೇಳಿಬಿಟ್ಟಳು. ಕೊನೆಗೆ ಮೊನ್ನೆ ಶುಕ್ರವಾರ ಮಾಲೀಕ ಅವಳನ್ನು ಕರೆದು, ನೆಲ ನೋಡುತ್ತ, ಮುಂದಿನ ತಿಂಗಳಿನಿಂದ ಪ್ಲಾಸ್ಟರ್ ಕೋಣೆಯಲ್ಲಿ ಕೂತುಕೊಳ್ಳಿ ಅಕ್ಕಾ, ಸಂಬಳ ಅಷ್ಟೇ ಇರುತ್ತದೆ ಎಂದ.

ಈ ಮಾಲೀಕನಿಗೆ ಬ್ರಷ್ ಹಿಡಿಯುವುದನ್ನು ಕಲಿಸಿದವಳೇ ಅವಳು. ಅವನಪ್ಪ ಲ್ಯಾಬ್ ನಡೆಸುತ್ತಿದ್ದ ಕಾಲದಲ್ಲಿ "ಲೋ, ನೀರು ಜಾಸ್ತಿಯಾಯ್ತು" ಎಂದು ಕೈ ಮೇಲೆ ಹೊಡೆದು ಕಲಿಸಿದ್ದಳು. ಅವನು ಸಂಬಳದ ಮಾತೆತ್ತಿದ್ದು ಕೆನ್ನೆಗೆ ಹೊಡೆದ ಹಾಗಾಯಿತು. ಪ್ಲಾಸ್ಟರಿಗೆ ಬಣ್ಣವೇ ಇಲ್ಲ. ಎರಡು ದಿನದಿಂದ ಅವಳು ಈ ವಿಷಯವನ್ನು ಗಂಡನಿಗೂ ಹೇಳದೆ ನುಂಗಿಕೊಂಡು ಓಡಾಡುತ್ತಿದ್ದಳು. ಸಂಜೆಯಾದರೆ ಕಂಪ್ಯೂಟರಿನ ಮುಂದೆ ಕೂರುವಳು. ನಲವತ್ತೊಂದು ದಾಟಿದರೆ ತನ್ನ ಕಣ್ಣು ಸರಿಯಿದೆ, ಲೋಕದವರ ಕಣ್ಣು ಕೆಟ್ಟಿದೆ ಎಂದು ಒಳಗೊಳಗೇ ಪಂದ್ಯ ಕಟ್ಟಿಕೊಂಡಿದ್ದಳು.

"ಎಷ್ಟೆಷ್ಟು ಹನಿ ಹಾಕಿದ್ರಿ?" ಎಂದು ಕೇಳಿದಳು.

ಬಿಳಿ ಒಂಬತ್ತು, ಕಪ್ಪು ಒಂದು, ಹಳದಿ ಒಂದು. ರೂಟಿನ ನಿಲ್ದಾಣಗಳನ್ನು ಒಪ್ಪಿಸುವವನ ಹಾಗೆ ಅವನು ಒಪ್ಪಿಸಿದ. ಹಲ್ಲಕ್ಕನ ಲೆಕ್ಕವೂ ಅದೇ, ಹಳದಿ ಮಾತ್ರ ಎರಡು. ಒಂದು ಹನಿ ಹಳದಿ ಹಾಕಿದರೆ ಬಟ್ಟಲು ಅವಳಿಗೆ ಸುಣ್ಣ ಬಳಿದ ಗೋಡೆಯಂತೆಯೇ ಕಾಣುತ್ತಿತ್ತು. ಎರಡನೆಯದಕ್ಕೆ ಸ್ವಲ್ಪ ಜೀವ ಬಂತೆಂದು ಅನ್ನಿಸುತ್ತಿತ್ತು. ಒಂದೇ ಹಾಕಿ ಗುಂಡಿ ಒತ್ತಿ ನೋಡಬಹುದಿತ್ತಲ್ಲ ಎಂದರೆ, ಕಣ್ಣಿಗೆ ಸರಿಕಾಣದ್ದನ್ನು ಸರಿಯೆಂದು ಒತ್ತುವವಳು ಹಲ್ಲಕ್ಕನಲ್ಲ. ಅವನನ್ನು ಎಬ್ಬಿಸಿ ತಾನು ಕೂತಳು. ತನ್ನ ಪಾಕ ಬೆರೆಸಿ, ಬಟ್ಟಲಿಗೂ ಮೇಲಿನ ಚೌಕಕ್ಕೂ ಹೊಂದುತ್ತದೋ ಇಲ್ಲವೋ ನೋಡಿ ಹೇಳಿ ಎಂದಳು.

"ಎಲ್ಲಿ ಹೊಂದುತ್ತೆ? ಮೇಲಿಂದು ಹಾಲು, ಕೆಳಗಿಂದು ಹಳೇ ಪೇಪರ್," ಎಂದ ಅವನು, ಬಿಸ್ಕತ್ತಿನ ಪುಡಿ ಕೊಡವುತ್ತ.

ಅವಳಿಗೆ ಎರಡೂ ಒಂದೇ ಬಣ್ಣವಾಗಿ ಕಾಣುತ್ತಿದ್ದವು. ತಮಾಷೆ ಮಾಡುತ್ತಿದ್ದಾನೆಂದುಕೊಂಡು ಅವನನ್ನು ಗೋಡೆಯ ಕಡೆ ತಿರುಗಿಸಿ ನಿಲ್ಲಿಸಿದಳು. ಒಮ್ಮೆ ಒಂದು ಹಳದಿ, ಒಮ್ಮೆ ಎರಡು ಹಾಕಿ, ಈಗ ತಿರುಗಿ ಹೇಳಿ ಎಂದಳು. ಐದು ಸಲ ಕೇಳಿದಳು. ಐದು ಸಲವೂ ಅವನು ತಡವರಿಸದೆ ಸರಿ ಹೇಳಿದ. ಆಮೇಲೆ ಅವಳು ಗೋಡೆ ನೋಡಿದಳು, ಅವನು ಹನಿ ಹಾಕಿದ. ಐದರಲ್ಲಿ ಮೂರು ತಪ್ಪಿದಳು. ಸರಿ ಹೇಳಿದ ಎರಡೂ ಬರೀ ಊಹೆ ಎಂಬುದು ಅವಳಿಗೇ ಗೊತ್ತಿತ್ತು.

ಹಲ್ಲಕ್ಕನ ಕೋಪವೆಲ್ಲ ಇಳಿದು ಆ ಜಾಗದಲ್ಲಿ ಭಯ ಬಂದು ಕೂತಿತು. ಆಗ ಗಂಡನ ಮುಂದೆ ಎಲ್ಲವನ್ನೂ ಹೇಳಿಬಿಟ್ಟಳು: ಡಬ್ಬಿಯ ಏಳು ಹಲ್ಲು, ಶುಕ್ರವಾರದ ಮಾತು, ಪ್ಲಾಸ್ಟರ್ ಕೋಣೆ. ಅವನು ತಮಾಷೆ ಮಾಡಲಿಲ್ಲ. ಬಿಸ್ಕತ್ತಿನ ಪೊಟ್ಟಣ ಪಕ್ಕಕ್ಕಿಟ್ಟು ಕೇಳಿದ.

"ವರ್ಷಕ್ಕೊಂದು ಸಲ ಕಣ್ಣು ತೋರಿಸದೆ ಡಿಪೋದಲ್ಲಿ ನನಗೆ ಬಸ್ ಕೊಡ್ತಿರಲಿಲ್ಲ. ನೀನು ಕೊನೇ ಸಲ ಕಣ್ಣು ತೋರಿಸಿದ್ದು ಯಾವಾಗ?"

ಒಂಬತ್ತು ವರ್ಷದ ಹಿಂದೆ. ಆಗ ಕೊಟ್ಟ ಕನ್ನಡಕವೇ ಈಗಲೂ ಅವಳ ಮೂಗಿನ ಮೇಲಿತ್ತು.

ಮರುದಿನ ಬೆಳಿಗ್ಗೆ ಇಬ್ಬರೂ ಕಣ್ಣಿನ ಆಸ್ಪತ್ರೆಗೆ ಹೋದರು. ಗೋಡೆಯ ಮೇಲಿನ ಅಕ್ಷರಗಳನ್ನು ಹಲ್ಲಕ್ಕ ಹೆಚ್ಚುಕಡಿಮೆ ಕೊನೆಯ ಸಾಲಿನವರೆಗೂ ಓದಿದಳು. ಓದಿ, ನೋಡಿದಿರಾ ಎಂಬಂತೆ ಗಂಡನ ಕಡೆ ತಿರುಗಿದಳು. ಕಣ್ಣಿನ ಡಾಕ್ಟರು ಮಾತ್ರ ತಮ್ಮ ಯಂತ್ರದೊಳಗೆ ಬಹಳ ಹೊತ್ತು ಇಣುಕಿ, ಪೊರೆ ಬಂದಿದೆ ಎಂದರು. ಬೆಳ್ಳಗಾಗಿ ಮಂಜು ಕವಿಯುವಂಥದ್ದಲ್ಲ, ಕಣ್ಣೊಳಗಿನ ಮಸೂರವೇ ವರ್ಷಗಟ್ಟಲೆ ನಿಧಾನವಾಗಿ ಚಹಾದ ಬಣ್ಣಕ್ಕೆ ತಿರುಗುವಂಥದ್ದು. ದಿನಕ್ಕಿಷ್ಟಿಷ್ಟೇ ಆಗುವುದರಿಂದ ಆದವರಿಗೆ ತಿಳಿಯುವುದಿಲ್ಲ, ಬಿಳಿಗೂ ತೆಳುಹಳದಿಗೂ ಇರುವ ವ್ಯತ್ಯಾಸ ಮೊದಲು ಹೋಗುತ್ತದೆ, ನಿಮಗೆ ಗೊತ್ತಾದದ್ದು ಹೇಗೆ ಎಂದು ವಿಚಾರಿಸಿದರು. ಕಂಪ್ಯೂಟರಿನಲ್ಲಿ ಆಟ ಆಡುತ್ತಿದ್ದೆ ಎನ್ನಲು ಹಲ್ಲಕ್ಕನಿಗೆ ನಾಚಿಕೆಯಾಯಿತು. ಐವತ್ತಾರು ವರ್ಷದ ಹೆಂಗಸು. ಗಂಡನೇ ಹೇಳಿದ, ಅದೂ ತಾನು ಒಂದೇ ಏಟಿಗೆ ಹಂತ ದಾಟಿದ್ದನ್ನೂ ಸೇರಿಸಿ.

ಲ್ಯಾಬಿಗೆ ರಜೆ ಹಾಕಿದಳು. ಕಾರಣ ಕೇಳಿದ್ದಕ್ಕೆ ಮೈ ಸರಿಯಿಲ್ಲ ಎಂದಷ್ಟೇ ಹೇಳಿದಳು. ಮೊದಲು ಬಲಗಣ್ಣಿನ ಶಸ್ತ್ರಚಿಕಿತ್ಸೆ, ಆರು ವಾರ ಬಿಟ್ಟು ಎಡಗಣ್ಣಿನದು ಎಂದು ನಿಗದಿಯಾಯಿತು. ಶಸ್ತ್ರಚಿಕಿತ್ಸೆ ಅರ್ಧ ಗಂಟೆಯೂ ಹಿಡಿಯಲಿಲ್ಲ. ಮರುದಿನ ಪಟ್ಟಿ ಬಿಚ್ಚಿದಾಗ ಅವಳ ಕಣ್ಣಿಗೆ ಮೊದಲು ಬಿದ್ದದ್ದು ಎದುರಿಗೆ ನಿಂತಿದ್ದ ಗಂಡನ ಅಂಗಿ.

"ಈ ಅಂಗಿ ಬಿಳೀದಾ?"

"ಕೊಂಡಾಗಿಂದ್ಲೂ ಬಿಳೀದೇ."

ಅದನ್ನು ಕೆನೆಬಣ್ಣದ್ದೆಂದು ತಿಳಿದು ಅವಳು ಇಷ್ಟು ದಿನ ಬಣ್ಣದ ಬಟ್ಟೆಗಳ ಜೊತೆ ಒಗೆಯಲು ಹಾಕುತ್ತಿದ್ದಳು. ಬಲಗಣ್ಣು ಮುಚ್ಚಿ ಎಡಗಣ್ಣಲ್ಲಿ ನೋಡಿದಳು, ಅಂಗಿ ಕೆನೆ. ಎಡಗಣ್ಣು ಮುಚ್ಚಿ ಬಲಗಣ್ಣಲ್ಲಿ ನೋಡಿದಳು, ಅಂಗಿ ಬಿಳಿ, ಮಡಿಕೆಗಳ ಸಂದಿಯಲ್ಲಿ ತೆಳುವಾಗಿ ನೀಲಿ. ಆಸ್ಪತ್ರೆಯ ಹಾಸಿಗೆ, ಕೈತೊಳೆಯುವ ಬೇಸಿನ್ನು, ನರ್ಸಿನ ಟೋಪಿ, ಎಲ್ಲವನ್ನೂ ಹಾಗೇ ಕಣ್ಣು ಬದಲಿಸಿ ಬದಲಿಸಿ ನೋಡಿದಳು. ಈ ಹೆಂಗಸು ಎಲ್ಲರಿಗೂ ಕಣ್ಣು ಹೊಡೆಯುತ್ತಿದ್ದಾಳಲ್ಲ ಎಂದು ಪಕ್ಕದ ಹಾಸಿಗೆಯವರು ಬೆರಗಾಗಿ ನೋಡುತ್ತಿದ್ದರು.

ಒಂದು ವಾರ ಕಂಪ್ಯೂಟರು ಮುಟ್ಟಬಾರದೆಂದು ಹೇಳಿದ್ದರು. ಎಂಟನೆಯ ದಿನ ಅವಳು ಎಡಗಣ್ಣಿಗೆ ಕರವಸ್ತ್ರ ಕಟ್ಟಿಕೊಂಡು ನಲವತ್ತೊಂದನೆಯ ಹಂತವನ್ನು ಮತ್ತೆ ತೆರೆದಳು. ದಾಟಿಯಾಗಿದೆಯಲ್ಲ, ಮುಂದಕ್ಕೆ ಹೋಗು ಎಂದ ಗಂಡ. ನೀವು ದಾಟಿದ್ದು, ನಾನಲ್ಲ ಎಂದಳು. ಒಂಬತ್ತು ಬಿಳಿ, ಒಂದು ಕಪ್ಪು ಹಾಕಿದಳು. ಹಳದಿಯ ಬಾಟಲಿ ಒತ್ತಿದಳು. ಒಂದು ಹನಿ ಬಿದ್ದದ್ದೇ ಬಟ್ಟಲು ಬೆಚ್ಚಗಾಯಿತು. ಅದು ಅಷ್ಟು ಸ್ಪಷ್ಟವಾಗಿತ್ತೆಂದರೆ, ಇದನ್ನು ನೋಡದೆ ಇದ್ದೆನೇ ಎಂದು ಅವಳಿಗೆ ನಂಬಲಾಗಲಿಲ್ಲ. ಗಂಟೆ ಮೂರು ಸಲ ಬಾರಿಸಿತು. ಹಲ್ಲಕ್ಕ ಕೂತಲ್ಲೇ ಕೂತಿದ್ದಳು. ಸಂತೋಷದ ಕಣ್ಣೀರನ್ನು, ಅಳಬಾರದೆಂದು ಡಾಕ್ಟರು ಹೇಳಿದ್ದರೆಂದು ಅವಳೇ ಕಲ್ಪಿಸಿಕೊಂಡು ತಡೆದುಕೊಂಡಳು.

ಲ್ಯಾಬಿಗೆ ಹೋದ ದಿನ ಅವಳ ಮೇಜಿನ ಮೇಲೆ ಮಾಲೀಕನ ಬ್ರಷ್ಷುಗಳಿದ್ದವು. ಮುಂದಿನ ಹಲ್ಲುಗಳನ್ನು ಅವನೇ ಮಾಡತೊಡಗಿದ್ದ. ಅವಳ ಏಪ್ರನ್ನು ಪ್ಲಾಸ್ಟರ್ ಕೋಣೆಯ ಮೊಳೆಯಲ್ಲಿ ತೂಗುತ್ತಿತ್ತು. ಹಲ್ಲಕ್ಕ ಅದನ್ನು ನೋಡಿಯೂ ನೋಡದವಳಂತೆ ಕಪಾಟಿನಿಂದ ಬಿಸ್ಕತ್ತಿನ ಡಬ್ಬಿ ಇಳಿಸಿ ಕಿಟಕಿಗೆ ತಂದಳು. ತನ್ನ ಏಳು ಹಲ್ಲುಗಳನ್ನು ಬೂದು ಕಾಗದದ ಮೇಲೆ ಸಾಲಾಗಿ ಜೋಡಿಸಿ, ಪ್ರತಿಯೊಂದರ ಪಕ್ಕ ಚೀಟಿಯಲ್ಲಿ ಬರೆದಿದ್ದ ಬಣ್ಣದ ಅಂಕಿಯ ಮಾದರಿ ಹಲ್ಲನ್ನು ಇಟ್ಟಳು. ಕನ್ನಡಕದ ಎಡಗಾಜಿಗೆ ಮನೆಯಿಂದಲೇ ಕಪ್ಪು ಕಾಗದ ಅಂಟಿಸಿಕೊಂಡು ಬಂದಿದ್ದಳು.

ಏಳೂ ಹಳದಿ. ಒಂದಲ್ಲ ಎರಡಲ್ಲ, ಏಳೂ. ಯಾರದೋ ಬಾಯಲ್ಲಿ ಕೂತು ಅವರ ನಗುವನ್ನು ಹಾಳುಮಾಡುತ್ತಿದ್ದಂಥವು. ಹಲ್ಲಕ್ಕನಿಗೆ ನಾಚಿಕೆಯಿಂದ ಕಿವಿಯವರೆಗೂ ಬಿಸಿಯಾಯಿತು. ಡಾಕ್ಟರಮ್ಮನಿಗೆ ಕನ್ನಡಕ ಬದಲಾಯಿಸಿ ಎಂದದ್ದು ನೆನಪಾಗಿ ಇನ್ನಷ್ಟು ಬಿಸಿಯಾಯಿತು. ಆದರೂ, ಹೇಳಿದರೆ ನಂಬಲಿಕ್ಕಿಲ್ಲ, ಆ ನಾಚಿಕೆಯ ತಳದಲ್ಲಿ ಖುಷಿಯೇ ಇತ್ತು. ತಪ್ಪು ಕಾಣುತ್ತಿತ್ತಲ್ಲ. ಕಂಡ ತಪ್ಪನ್ನು ತಿದ್ದಬಹುದು.

ಮಾಲೀಕನ ಮುಂದೆ ಹೋಗಿ ನಿಂತು, ಏಳೂ ವಾಪಸು ಬಂದದ್ದು ನ್ಯಾಯವೇ ಎಂದಳು. ಪೊರೆಯ ಕಥೆ ಹೇಳಿದಳು, ಆಟದ ಕಥೆಯನ್ನೂ ಹೇಳಿದಳು. ಅವನು ಬಾಯಿ ತೆರೆದುಕೊಂಡು ಕೇಳಿದ. ಮೇಜು ಬೇಕು ಎಂದಾಗ ಮಾತ್ರ ಅವನ ಮುಖ ಸಣ್ಣದಾಯಿತು. ಕಣ್ಣು ಒಂದೇ ಸರಿಹೋಗಿದೆ, ಇನ್ನೊಂದು ಆಗಲಿ, ನಿಧಾನಕ್ಕೆ ನೋಡೋಣ ಎಂದು ರಾಗ ಎಳೆದ. ಹಲ್ಲಕ್ಕ ಜಾಗ ಬಿಟ್ಟು ಕದಲದೆ ನಿಂತೇ ಇದ್ದಳು. ಕೊನೆಗೆ ಅವನು ಡ್ರಾಯರಿನಿಂದ ಒಂದು ಅಚ್ಚು ತೆಗೆದು ಅವಳ ಮುಂದಿಟ್ಟ. ಅದು ಒಬ್ಬ ವಕೀಲೆಯದು. ಮೇಲಿನ ಸಾಲಿನ ನಟ್ಟನಡುವಿನ ಒಂದು ಹಲ್ಲು. ಅವನೇ ಎರಡು ಸಲ ಮಾಡಿದ್ದ, ಎರಡು ಸಲವೂ ತಿರುಗಿ ಬಂದಿತ್ತು. ಮೂರನೆಯ ಸಲ ಹೊಂದದಿದ್ದರೆ ತಮ್ಮ ಕೆಲಸವನ್ನೆಲ್ಲ ಬೇರೆ ಲ್ಯಾಬಿಗೆ ಕೊಡುವುದಾಗಿ ಡಾಕ್ಟರಮ್ಮ ಹೇಳಿದ್ದರಂತೆ.

"ಇದೊಂದು ಆಗ್ಲಿ ಅಕ್ಕಾ," ಎಂದ. "ಆಮೇಲೆ ಮೇಜಿನ ಮಾತು."

"ಆದ್ರೆ ಮಾತಿರಲ್ಲ. ನಿನ್ನ ಬ್ರಷ್ ನೀನೇ ಎತ್ಕೊಂಡು ಹೋಗ್ತೀಯ," ಎಂದಳು ಹಲ್ಲಕ್ಕ. ಅವನು ಮಾಲೀಕನಾದ ಮೇಲೆ ಅವಳು ಅವನನ್ನು ನೀನು ಎಂದದ್ದು ಅದೇ ಮೊದಲು. ಅವನಿಗೇನೂ ಬೇಸರವಾದಂತೆ ಕಾಣಲಿಲ್ಲ.

ವಕೀಲೆ ಮಾರನೆಯ ದಿನ ಬಂದಳು. ನಲವತ್ತರ ಆಸುಪಾಸಿನ, ಗಟ್ಟಿ ದನಿಯ ಹೆಂಗಸು. ಆದರೆ ಮಾತಾಡುವಾಗಲೆಲ್ಲ ಕೈ ತಾನಾಗಿ ಬಾಯಿಗೆ ಅಡ್ಡ ಬರುತ್ತಿತ್ತು. ಎಂಟು ತಿಂಗಳ ಹಿಂದೆ ಮೆಟ್ಟಿಲ ಮೇಲೆ ಬಿದ್ದು ಹಲ್ಲು ಮುರಿದಿತ್ತು, ಆಮೇಲಿನಿಂದ ಹೀಗೆ. ಕೋರ್ಟಿನಲ್ಲಿ ಬೆರಳುಗಳ ಹಿಂದಿನಿಂದ ವಾದ ಮಾಡುತ್ತೇನೆ, ನ್ಯಾಯಾಧೀಶರು ಎರಡೆರಡು ಸಲ ಕೇಳುತ್ತಾರೆ, ನಾನು ನಕ್ಕೇ ಎಂಟು ತಿಂಗಳಾಯಿತು ಎಂದಳು.

ಹಲ್ಲಕ್ಕ ಅವಳನ್ನು ಕಿಟಕಿಗೆ ಎದುರಾಗಿ ಕೂರಿಸಿದಳು. ತುಟಿಯ ಬಣ್ಣ ಒರೆಸಿದಳು, ಕೆಂಪು ಮೇಲಂಗಿಯ ಮೇಲೆ ಬೂದು ಬಟ್ಟೆ ಹೊದಿಸಿದಳು, ಏಕೆಂದರೆ ಪಕ್ಕದಲ್ಲಿ ಕೆಂಪಿದ್ದರೆ ಕಣ್ಣು ಮೋಸಹೋಗುತ್ತದೆ. ತೆರೆದ ಬಾಯಲ್ಲಿ ಹಲ್ಲು ಒಣಗಿ ಒಂದೆರಡು ನಿಮಿಷಕ್ಕೇ ಬೆಳ್ಳಗಾಗುವುದರಿಂದ ಒದ್ದೆಯಿರುವಾಗಲೇ ನೋಡಬೇಕು. ಐದು ಎಣಿಸುವಷ್ಟು ಹೊತ್ತು ಹಲ್ಲನ್ನು ನೋಡಬೇಕು, ಆಮೇಲೆ ಬೂದು ಕಾಗದ ನೋಡಿ ಕಣ್ಣು ತೊಳೆದುಕೊಳ್ಳಬೇಕು, ಮತ್ತೆ ಐದು. ಹಲ್ಲಕ್ಕ ಹಾಗೇ ನೋಡಿದಳು. ಮುರಿದದ್ದರ ನೆರೆಯ ಹಲ್ಲು ಬರೀ ಬಿಳಿಯಾಗಿರಲಿಲ್ಲ. ಬುಡದಲ್ಲಿ ಸ್ವಲ್ಪ ಜೇನು, ನಡುವಲ್ಲಿ ಹಾಲು, ತುದಿಯಂಚಿನಲ್ಲಿ ಕೂದಲೆಳೆಯಷ್ಟು ತೆಳುವಾದ ನೀಲಿಬೂದು. ಆ ನೀಲಿಯನ್ನು ಹಲ್ಲಕ್ಕ ಎಷ್ಟೋ ವರ್ಷದಿಂದ ನೋಡಿಯೇ ಇರಲಿಲ್ಲ. ಊರು ಬಿಟ್ಟು ಹೋಗಿದ್ದ ಗೆಳತಿ ಬಾಗಿಲಲ್ಲಿ ಬಂದು ನಿಂತ ಹಾಗಾಯಿತು.

"ಒಂದೇ ಕಣ್ಣಲ್ಲಿ ಮಾಡ್ತೀರಾ?" ಎಂದು ವಕೀಲೆ ಬೆರಳುಗಳ ಹಿಂದಿನಿಂದ ಅನುಮಾನಿಸಿದಳು.

"ಬಣ್ಣಕ್ಕೆ ಒಂದು ಸಾಕಮ್ಮ. ಆಕಾರಕ್ಕೆ ಎರಡೂ ಬೇಕು, ಆಗ ಕಾಗದ ತೆಗೀತೀನಿ."

ಹಾಗೇ ಮಾಡಿದಳು. ಮೂರು ದಿನ ಕಾಗದ ಅಂಟಿಸುವುದು, ಕೀಳುವುದು, ಮತ್ತೆ ಅಂಟಿಸುವುದು. ಹಸಿ ಹಿಟ್ಟಿಗೆ ಸುಟ್ಟಮೇಲಿನ ಬಣ್ಣವಿರುವುದಿಲ್ಲ, ಅದು ಫರ್ನೇಸಿನಿಂದ ಹೊರಬಂದ ಮೇಲೇ ಗೊತ್ತಾಗುವುದು. ಮೊದಲ ಸಲ ಸುಟ್ಟಾಗ ಹಲ್ಲು ಸ್ವಲ್ಪ ಸತ್ತಂತೆ ಕಂಡಿತು, ಎರಡನೆಯ ಸಲಕ್ಕೆ ಜೀವ ಬಂತು. ಕೊನೆಯದು ಮೇಲ್ಮೈಗೆ ಕೊಡುವ ಬಣ್ಣ. ಗಾಜಿನ ಹಲಗೆಯ ಮೇಲೆ ಚಿಟಿಕೆ ಪುಡಿಯನ್ನು ಒಂದೊಂದು ಹನಿ ದ್ರವದಲ್ಲಿ ಕಲಸಿ, ಬ್ರಷ್ಷಿನ ಮೊನೆಯಲ್ಲಿ ಬುಡಕ್ಕೆ ಹಳದಿ ಮುಟ್ಟಿಸಿದಳು. ಕೈ ಹಳೆಯ ರೂಢಿಯಂತೆ ತಾನಾಗಿ ಎರಡನೆಯ ಸಲ ಹಳದಿಗೆ ಅದ್ದಿತು. ಹಲ್ಲಕ್ಕ ಬ್ರಷ್ಷನ್ನು ಗಾಳಿಯಲ್ಲೇ ಹಿಡಿದು ಒಂದು ಗಳಿಗೆ ಹಲ್ಲನ್ನು ನೋಡಿದಳು. ಆಮೇಲೆ ಬ್ರಷ್ಷನ್ನು ಕಾಗದಕ್ಕೆ ಒರೆಸಿಬಿಟ್ಟಳು.

ನಾಲ್ಕನೆಯ ದಿನ ಮಧ್ಯಾಹ್ನ ಡಾಕ್ಟರಮ್ಮ ಕೆಳಗಿನ ತಮ್ಮ ಕೋಣೆಯಲ್ಲಿ ಹಲ್ಲನ್ನು ಇನ್ನೂ ಅಂಟಿಸದೆ ಸುಮ್ಮನೆ ಕೂರಿಸಿ, ಹಗಲ ಬೆಳಕಿನಲ್ಲಿ ನೋಡೋಣವೆಂದು ವಕೀಲೆಯನ್ನು ಮೇಲೆ ಲ್ಯಾಬಿಗೆ ಕರೆತಂದರು. ಬೂದು ಬಟ್ಟೆ ಹೊದಿಸಿ ಕಿಟಕಿಯ ಮುಂದೆ ಕೂರಿಸಿದರು. ಡಾಕ್ಟರಮ್ಮ ಬಾಗಿ ನೋಡಿದರು, ಮಾಲೀಕ ಬಾಗಿ ನೋಡಿದ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ವಕೀಲೆ ಕನ್ನಡಿ ಹಿಡಿದವಳು ಅದನ್ನು ಕೆಳಗಿಡಲಿಲ್ಲ. ಹೊಂದಿದೆ ಅನ್ನಿಸುತ್ತದೆ, ಆದರೆ ನಮಗೆಲ್ಲ ಯಾವ ಹಲ್ಲೆಂದು ಮೊದಲೇ ಗೊತ್ತು, ಗೊತ್ತಿಲ್ಲದವರು ನೋಡಬೇಕು ಎಂದಳು. ಎರಡು ಸಲ ಮೋಸಹೋದವಳು, ಅನುಮಾನ ಸಹಜ.

ಆಗ ಬಾಗಿಲಲ್ಲಿ ಹಲ್ಲಕ್ಕನ ಗಂಡ ಕಾಣಿಸಿಕೊಂಡ. ಹೆಂಡತಿಯ ಕಣ್ಣಿಗೆ ದಿನಕ್ಕೆ ನಾಲ್ಕು ಸಲ ಔಷಧಿ ಹನಿ ಬಿಡಬೇಕಿತ್ತು. ಮಧ್ಯಾಹ್ನದ ಪಾಳಿಗೆ ಅವನು ಒಂದು ನಿಮಿಷ ಹೆಚ್ಚುಕಡಿಮೆಯಾಗದಂತೆ ಬಸ್ಸಿನ ವೇಳೆಗೆ ಬರುವವನ ಹಾಗೆ ಬಾಟಲಿ ಹಿಡಿದು ಬಂದುಬಿಡುತ್ತಿದ್ದ.

"ಇವರನ್ನ ಕೇಳಿ," ಎಂದಳು ಹಲ್ಲಕ್ಕ. "ಹಳದಿ ಕಂಡುಹಿಡಿಯೋದ್ರಲ್ಲಿ ಇವರದು ಎತ್ತಿದ ಕೈ."

ಡಾಕ್ಟರಮ್ಮನ ಕಣ್ಣಿಗೆ ಅವಳು ಹೆದರಿರಲಿಲ್ಲ, ಮಾಲೀಕನ ಕಣ್ಣಿಗೂ ಹೆದರಿರಲಿಲ್ಲ. ಈ ಕಣ್ಣಿಗೆ ಹೆದರಿದಳು. ಐದಕ್ಕೆ ಐದು ಹೇಳಿದ ಕಣ್ಣು ಅದು. ಹೆಂಡತಿಯೆಂದು ಸುಳ್ಳು ಹೇಳುವ ಜಾತಿಯವನೂ ಅಲ್ಲ, ಮಾಡಿದ ಸಾರಿಗೆ ಉಪ್ಪು ಹೆಚ್ಚಾದರೆ ನೆಂಟರ ಮುಂದೆಯೇ ಹೇಳುವ ಪೈಕಿ.

ಈ ನಾಲ್ಕು ಮುಂದಿನ ಹಲ್ಲುಗಳಲ್ಲಿ ಒಂದು ಲ್ಯಾಬಿನದು, ಯಾವುದು ಹೇಳಿ ಎಂದು ಡಾಕ್ಟರಮ್ಮ ಅವನಿಗೆ ವಿವರಿಸಿದರು. ಅವನು ಔಷಧಿಯ ಬಾಟಲಿಯನ್ನು ಜೇಬಿಗೆ ಹಾಕಿಕೊಂಡ. ಟೈರು ಪರೀಕ್ಷೆ ಮಾಡುವವನಂತೆ ಮೊಣಕಾಲಿಗೆ ಕೈಯೂರಿ ಬಗ್ಗಿದ. ಎಡದಿಂದ ನೋಡಿದ, ಬಲದಿಂದ ನೋಡಿದ, ಸ್ವಲ್ಪ ಹಿಂದೆ ಸರಿದು ನೋಡಿದ. ಲ್ಯಾಬಿನಲ್ಲಿ ಫರ್ನೇಸು ಗುಂಯ್ ಎನ್ನುತ್ತಿತ್ತು. ಹಲ್ಲಕ್ಕ ಹಲ್ಲು ಕಚ್ಚಿಕೊಂಡು ನಿಂತಿದ್ದಳು. ಕೊನೆಗೆ ಅವನು ಬೆರಳು ಚಾಚಿದ.

"ಇದು. ಇದು ಸ್ವಲ್ಪ ಹಳದಿ."

ವಕೀಲೆ ಕನ್ನಡಿಯಲ್ಲಿ ಅವನ ಬೆರಳನ್ನೇ ನೋಡುತ್ತಿದ್ದಳು. ಅವಳ ಭುಜ ಅಲುಗತೊಡಗಿತು.

"ಯಜಮಾನ್ರೇ, ಅದು ನಾನು ಏಳು ವರ್ಷದವಳಿದ್ದಾಗಿಂದ ನನ್ನದೇ," ಎಂದಳು. ಹೇಳಿ, ತಲೆ ಹಿಂದಕ್ಕೆ ಹಾಕಿ ನಕ್ಕಳು. ಒಂದು ಕೈಯಲ್ಲಿ ಕನ್ನಡಿ, ಇನ್ನೊಂದರಲ್ಲಿ ಬೂದು ಬಟ್ಟೆಯ ತುದಿ. ಯಾವ ಕೈಯೂ ಬಾಯಿಗೆ ಅಡ್ಡ ಬರಲಿಲ್ಲ. ಎಂಟು ತಿಂಗಳ ನಗು ಒಟ್ಟಿಗೆ ಬಂದಂತೆ ಅದು ಬಹಳ ಹೊತ್ತಿನವರೆಗೆ ನಿಲ್ಲಲೇ ಇಲ್ಲ. ಡಾಕ್ಟರಮ್ಮನೂ ನಕ್ಕರು. ಗಂಡ ಮಾತ್ರ ಕಕ್ಕಾಬಿಕ್ಕಿಯಾಗಿ ಒಬ್ಬೊಬ್ಬರ ಮುಖ ನೋಡುತ್ತಿದ್ದ.

ಹಲ್ಲಕ್ಕ ಆ ಗಳಿಗೆಯಷ್ಟು ಸಂತೋಷವನ್ನು ಮಗಳು ಹುಟ್ಟಿದ ದಿನ ಬಿಟ್ಟರೆ ಬೇರೆಂದೂ ಪಟ್ಟಿರಲಿಲ್ಲ. ನೆಲಕ್ಕೆ ಕಾಲು ತಾಗುತ್ತಿರಲಿಲ್ಲ. ಡಾಕ್ಟರಮ್ಮನ ಹತ್ತಿರ ಹೋಗಿ, ಅವತ್ತು ಫೋನಿನಲ್ಲಿ ಹಾಗೆ ಅಂದದ್ದು ತಪ್ಪಾಯಿತು, ಕನ್ನಡಕ ಬದಲಾಯಿಸಬೇಕಿದ್ದದ್ದು ನಾನೇ ಎಂದಳು. ಅಷ್ಟರಲ್ಲಿ ಮೇಜಿನ ಕಡೆ ಗಾಜಿನ ಸದ್ದಾಯಿತು. ತಿರುಗಿ ನೋಡಿದರೆ ಮಾಲೀಕ ತನ್ನ ಬ್ರಷ್ಷುಗಳನ್ನು ಲೋಟದ ಸಮೇತ ಎತ್ತಿಕೊಳ್ಳುತ್ತಿದ್ದ. ಒಂದು ಮಾತೂ ಆಡದೆ ಪ್ಲಾಸ್ಟರ್ ಕೋಣೆಗೆ ಹೋಗಿ ಅವಳ ಏಪ್ರನ್ನು ತಂದು ಕಿಟಕಿಯ ಪಕ್ಕದ ಮೊಳೆಗೆ ಹಾಕಿದ. ಹಾಕಿದವನು, ಅದರ ಮೇಲೆ ಕೂತಿದ್ದ ಪ್ಲಾಸ್ಟರಿನ ಧೂಳನ್ನು ಕೈಯಿಂದ ಕೊಡವಿದ.

ಆ ಸಂಜೆ ಹಲ್ಲಕ್ಕ ಅಡುಗೆಮನೆಯಲ್ಲಿ ಮತ್ತೆ ಬೀನ್ಸ್ ಮುರಿಯುತ್ತಿದ್ದಳು. ಗಂಡ ದಾರಿಯುದ್ದಕ್ಕೂ ಮುಖ ಇಷ್ಟುದ್ದ ಮಾಡಿಕೊಂಡು ಬಂದವನು, ಮನೆಗೆ ಬಂದದ್ದೇ ಕಂಪ್ಯೂಟರಿನ ಮುಂದೆ ಕೂತಿದ್ದ. ಕಳೆದ ಹದಿನೈದು ದಿನದಲ್ಲಿ ಅವನಿಗೂ ಹುಚ್ಚು ಹಿಡಿದು ಐವತ್ತೆಂಟನೆಯ ಹಂತಕ್ಕೆ ಬಂದಿದ್ದ. ಹಲ್ಲಕ್ಕ ಐವತ್ತೇಳರಲ್ಲಿದ್ದಳು. ಇವತ್ತಿನ ಬಣ್ಣ ಮುಂಜಾವಿನ ಆಕಾಶದಂಥ ಒಂದು ಮಸುಕು ನೀಲಿ. ಅವನು ಹನಿ ಹನಿಯಾಗಿ ಬಿಡುತ್ತಿದ್ದ ಟಪ್ ಟಪ್ ಸದ್ದು ಅವಳಿಗೆ ಕೇಳುತ್ತಿತ್ತು. ಬೀನ್ಸಿನ ತಟ್ಟೆ ಹಿಡಿದು ಬಾಗಿಲಿಗೆ ಬಂದು ಒರಗಿ ನಿಂತಳು. ಅಲ್ಲಿಂದ ಪರದೆ ಹತ್ತು ಹೆಜ್ಜೆ ದೂರ. ಅವಳು ಎಡಗಣ್ಣು ಮುಚ್ಚಿದಳು.

"ಹಳದಿ ಒಂದು ಹನಿ ಹೆಚ್ಚಾಯ್ತು," ಎಂದಳು.

ಅವನು ತಿರುಗಿ ನೋಡಲಿಲ್ಲ. ಬೇಕೆಂದೇ ಗುಂಡಿ ಒತ್ತಿದ. ತೊಂಬತ್ತಮೂರು ಎಂದು ಬಂತು, ಬಟ್ಟಲು ತಲೆಕೆಳಗಾಗಿ ಬಣ್ಣವೆಲ್ಲ ಚೆಲ್ಲಿಹೋಯಿತು. ಅವನು ಕುರ್ಚಿಯಲ್ಲಿ ಒಂದು ಕಡೆಗೆ ಸರಿದು, ಪಕ್ಕದಲ್ಲಿ ಅರ್ಧ ಜಾಗ ಬಿಟ್ಟ. ಹಲ್ಲಕ್ಕ ಬೀನ್ಸಿನ ತಟ್ಟೆಯನ್ನು ಮಡಿಲಲ್ಲಿಟ್ಟುಕೊಂಡು ಆ ಅರ್ಧದಲ್ಲಿ ಕೂತಳು.